ಕುಡುಗೋಲಿನೊಳಗೆ ಸಿಕ್ಕಿಬಿದ್ದ ಜಲಜನಕ

ಲೋಕ ಆಗಷ್ಟೇ ಹುಟ್ಟಿತ್ತು ಪುಟ್ಟಾ. ಯಾರು ಎಲ್ಲಿರಬೇಕು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹೊಳೆ ಒಂದು ದಿನ ಆ ಕಡೆ, ಇನ್ನೊಂದು ದಿನ ಈ ಕಡೆ ಹರಿಯುತ್ತಿತ್ತು. ಗಾಳಿ ಕಂಡಕಂಡವರನ್ನು ದಾರಿ ಕೇಳುತ್ತಿತ್ತು.

ಆಗ ನೀರವ್ವನಿಗೆ ಬಹಳ ಮಕ್ಕಳಿದ್ದರು. ಅವರಿಗಿಂತ ಸಣ್ಣವರು ಲೋಕದಲ್ಲೇ ಇರಲಿಲ್ಲ. ಅವರೆಲ್ಲರಿಗೂ ಜಲಜನಕ ಎಂಬ ಒಂದೇ ಹೆಸರು. ಕರೆದರೆ ಎಲ್ಲರೂ ಒಟ್ಟಿಗೆ ಓಗೊಡುತ್ತಿದ್ದರು, ಪಾಪ, ಅವ್ವನಿಗೆ ತಲೆ ತಿರುಗುತ್ತಿತ್ತು.

ಮೊದಲ ಕಮ್ಮಾರ ಮೋನಪ್ಪ ಮೊದಲ ಕುಡುಗೋಲು ಮಾಡಿದ. ಕೆಂಪಗೆ ಕಾಸಿ, ನೀರಿನ ಬಾನಿಯಲ್ಲಿ ಅದ್ದಿದ. ಆ ಗದ್ದಲದಲ್ಲಿ ಒಂದು ಕೂಸು ಅವ್ವನ ಕೈ ಜಾರಿ ಕಬ್ಬಿಣದೊಳಗೆ ಹೋಯಿತು.

ಬಿಸಿ ಇರುವಷ್ಟು ಹೊತ್ತು ಒಳಗೆ ಆಟವೋ ಆಟ. ಕಬ್ಬಿಣದ ಕಣಗಳು ಕುಣಿಯುತ್ತಿದ್ದವು, ಸಂದಿಗಳೆಲ್ಲ ತೆರೆದಿದ್ದವು. ಕೂಸು ಈ ತುದಿಯಿಂದ ಆ ತುದಿಗೆ ಓಡಿತು. ಕಬ್ಬಿಣ ತಣ್ಣಗಾಯಿತು. ಸಂದಿಗಳು ಬಿಗಿಯಾದವು, ಕೂಸಿನ ಕಾಲುಗಳು ಸೋತವು. ಒಂದು ಮೂಲೆಯಲ್ಲಿ ಕೂತು ಅಳತೊಡಗಿತು.

ಕುಡುಗೋಲಿಗೆ ಏನೂ ಅರ್ಥವಾಗಲಿಲ್ಲ. ತನ್ನೊಳಗೆ ಯಾರೋ ಅಳುತ್ತಿದ್ದಾರೆ ಎಂದು ಮೋನಪ್ಪನಿಗೆ ಹೇಳಿತು. ಮೋನಪ್ಪನಿಗೂ ಅರ್ಥವಾಗಲಿಲ್ಲ. ಅವನಿಗೆ ಗೊತ್ತಿದ್ದ ಮದ್ದು ಒಂದೇ, ಕಾಸುವುದು, ಅದ್ದುವುದು. ಮತ್ತೆ ಕಾಸಿದ. ಕೂಸು ಹೊರಗೆ ಹೋಗುವ ಸಂದಿಯ ಬಾಗಿಲ ತನಕ ಓಡಿ ಬಂತು. ಅಷ್ಟರಲ್ಲಿ ಮೋನಪ್ಪ ಮುಳುಗಿಸಿಯೇಬಿಟ್ಟ, ಅವನ ಕೈ ಅಷ್ಟು ಚುರುಕು. ತಮ್ಮನನ್ನು ಹುಡುಕಲು ಹೋದ ಅಣ್ಣಂದಿರೂ ಒಳಗೇ ಸಿಕ್ಕಿಬಿದ್ದರು.

ಮತ್ತೆ ಕಾಸಿದ, ಮತ್ತೆ ಅದ್ದಿದ. ಒಳಗೆ ಮಕ್ಕಳ ಗುಂಪು ಬೆಳೆಯಿತು. ಇಕ್ಕಟ್ಟಿನಲ್ಲಿ ಒಬ್ಬರನ್ನೊಬ್ಬರು ತಳ್ಳಿದರು. ಯಾರೂ ಮುಟ್ಟದೆಯೇ ಕುಡುಗೋಲು ಟಕ್ಕೆಂದು ಬಿರುಕು ಬಿಟ್ಟಿತು.

ಹೊಡೆದವರು ಯಾರು ಎಂದು ಮೋನಪ್ಪ ಸುತ್ತಿಗೆಯನ್ನು ಕೇಳಿದ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಕೇಳಿದ. ಎರಡೂ ನಾವಲ್ಲ ಎಂದವು. ಬಾನಿಯಲ್ಲಿ ನೀರವ್ವನ ಅಳು ಕೇಳಿಸಿತು.

"ನನ್ನ ಕೂಸುಗಳು ಅದರಾಗ ಅದಾವೋ ತಮ್ಮಾ," ಎಂದಳು. "ಇನ್ನೊಮ್ಮೆ ಮುಳುಗಿಸಿದರ ನನ್ನ ಹತ್ರ ಒಂದೂ ಉಳಿಯಂಗಿಲ್ಲ."

ಮೋನಪ್ಪ ಕುಡುಗೋಲನ್ನು ಒಮ್ಮೆ ಬೆಂಕಿಯ ಕಡೆ ಒಯ್ದ, ಒಮ್ಮೆ ಬಾನಿಯ ಕಡೆ ಒಯ್ದ. ಕಾಸಿದರೂ ತಪ್ಪು, ಅದ್ದಿದರೂ ತಪ್ಪು. ಆಗ ಬೆಂಕಿ ಮೆಲ್ಲಗೆ ಹೇಳಿತು: "ಕಾಸಬ್ಯಾಡ, ಅದ್ದಬ್ಯಾಡ. ನನ್ನ ಮಗ್ಗಲಿಗೆ ಸುಮ್ನ ಇಡು."

ಕೆಂಡದ ಅಂಚಿನಲ್ಲಿ ಇಟ್ಟ. ಹದವಾದ ಬಿಸಿಗೆ ಮಕ್ಕಳ ಕಾಲಿಗೆ ಬಲ ಬಂತು. ನಿಧಾನವಾಗಿ, ದಾರಿ ತಪ್ಪುತ್ತ, ಮತ್ತೆ ಹುಡುಕುತ್ತ, ಹೊರಗೆ ಬಂದರು. ಒಳಗೆ ಬಿಟ್ಟದ್ದೂ ಬಿಸಿ, ಹೊರಗೆ ಬಿಟ್ಟದ್ದೂ ಬಿಸಿಯೇ, ಅದು ಹೇಗೆ ಅಂತ ನನ್ನ ಮುಖ ನೋಡಬೇಡ ಪುಟ್ಟಾ. ಮೋನಪ್ಪನೂ ಸಾಯುವ ತನಕ ತಲೆ ಕೆರೆದುಕೊಳ್ಳುತ್ತಲೇ ಇದ್ದ.

ನೀರವ್ವ ಮಕ್ಕಳನ್ನು ತಬ್ಬಿಕೊಂಡಳು. ಎಲ್ಲರೂ ಬಂದರೇ? ಹೆಸರು ಕೂಗಿದರೆ ಎಲ್ಲರೂ ಓ ಎನ್ನುತ್ತಾರೆ, ಬಾರದವನು ಯಾರೆಂದು ಹೇಗೆ ತಿಳಿಯಬೇಕು? ಅವಳಿಗೆ ಇಂದಿಗೂ ಅನುಮಾನ.

ಅದಕ್ಕೇ ಕಾದ ಕಬ್ಬಿಣ ಬಾನಿಗೆ ಬಿದ್ದಾಗ ನೀರು ಇಂದಿಗೂ ಚುಯ್ ಎಂದು ಬೆಚ್ಚಿ ಮಕ್ಕಳನ್ನು ಬಾಚಿಕೊಳ್ಳುತ್ತದೆ, ಆಮೇಲೆ ಕಮ್ಮಾರ ಆ ಕಬ್ಬಿಣವನ್ನು ಕೆಂಡದ ಮಗ್ಗುಲಲ್ಲಿಟ್ಟು, ಒಳಗೆ ಉಳಿದ ಕೂಸು ಮನೆಗೆ ಹೋಗಲಿ ಎಂದು ಕಾಯುತ್ತಾನೆ.