ಕಾಣದೆ ಬಂದ ನೋಟ

“ಗುರುಗಳೇ, ತಂದೆಯಲ್ಲಿಲ್ಲ, ತಾಯಿಯಲ್ಲಿಲ್ಲ, ಆದರೂ ಮಗುವಿನಲ್ಲೊಂದು ಊನ ಕಾಣಿಸಿಕೊಳ್ಳುತ್ತದೆ. ತಪ್ಪು ಯಾರದು?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳತೊಡಗಿದರು:

ಒಬ್ಬ ಬಣ್ಣಗಾರನಿದ್ದನು. ಏಳು ತಲೆಮಾರುಗಳಿಂದ ಅವನ ಮನೆಯವರು ನೂಲಿಗೆ ಬಣ್ಣ ಹಾಕುತ್ತಿದ್ದರು. ಮಗನಿಗೆ ಹತ್ತು ತುಂಬಿದ ದಿನ, ಮನೆಯ ಪದ್ಧತಿಯಂತೆ, ನೂಲಿನ ಲಡಿಗಳನ್ನು ಅವನ ಮುಂದೆ ರಾಶಿ ಹಾಕಿ, ಕೆಂಪನ್ನು ಬೇರ್ಪಡಿಸಲು ಹೇಳಿದನು. ಹುಡುಗನು ಶ್ರದ್ಧೆಯಿಂದ ಆರಿಸಿದನು. ಕೆಂಪಿನ ಗುಡ್ಡೆಯಲ್ಲಿ ಅರ್ಧದಷ್ಟು ಹಸಿರಿತ್ತು.

ನೆರೆಯವರು ನಕ್ಕರು. ಬಣ್ಣಗಾರನು ಹೆಂಡತಿಗೆ, “ನನ್ನ ವಂಶದಲ್ಲಿ ಇಂತಹ ಕಣ್ಣು ಹುಟ್ಟಿಲ್ಲ. ಇವನು ನನ್ನ ಮಗನಲ್ಲ” ಎಂದನು. ಅವಳಾದರೋ ಬಣ್ಣ ಗುರುತಿಸುವುದರಲ್ಲಿ ಅವನಿಗಿಂತಲೂ ಚುರುಕು. ಅವಳನ್ನೂ, ಮಗನನ್ನೂ, ಪುಟ್ಟ ಮಗಳನ್ನೂ ತವರಿನಲ್ಲಿ ಬಿಟ್ಟುಬರಲು ಅವನು ಹೊರಟನು.

ಅಲ್ಲಿ ಅವನ ಮಾವನು, ಹೆಂಡತಿಯ ತಂದೆ, ಮೆಣಸಿನಕಾಯಿಯ ಹೊಲದಲ್ಲಿ ಹಣ್ಣಾದ ಕಾಯಿ ಬಿಡಿಸುತ್ತಿದ್ದನು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ ಕೀಳುತ್ತಿದ್ದನು. ಹುಡುಗನು ಪಕ್ಕದ ಸಾಲಿಗೆ ಇಳಿದನು. ಯಾರೂ ಹೇಳಿಕೊಡದೆ, ಅವನೂ ಒತ್ತಿ ನೋಡಿಯೇ ಕಿತ್ತನು. ಮುದುಕನ ಕೈ ನಿಂತಿತು.

“ಯಾಕೋ, ನಿನಗೂ ಕಾಯಿ, ಹಣ್ಣು ಒಂದೇ ಬಣ್ಣವೇನೋ?”

“ಹೌದು ತಾತ.”

“ಬಾರಪ್ಪ ಬಾ. ಐವತ್ತು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಇವತ್ತು ಜೊತೆಗಾರ ಸಿಕ್ಕಿದ!”

ಬಣ್ಣಗಾರನು ದಿಗ್ಭ್ರಾಂತನಾಗಿ ಹೆಂಡತಿಯ ಕಡೆಗೆ ತಿರುಗಿದನು. ಒಂದೆಳೆಯ ಬಣ್ಣದಲ್ಲೂ ತಪ್ಪದ ಆ ಕಣ್ಣುಗಳ ಹಿಂದೆ, ಅವಳಿಗೇ ತಿಳಿಯದಂತೆ, ಅವಳ ತಂದೆಯ ನೋಟವು ಮಗನಿಗಾಗಿ ಕಾದು ಕುಳಿತಿತ್ತು. ಅವನು ಅವಳ ತಲೆಯ ಮೇಲಿದ್ದ ಬಟ್ಟೆಯ ಗಂಟನ್ನು ಇಳಿಸಿ ತನ್ನ ಹೆಗಲಿಗೇರಿಸಿಕೊಂಡು, “ಮನೆಗೆ ಹೋಗೋಣ” ಎಂದನು.

ಅಷ್ಟರಲ್ಲಿ ಪುಟ್ಟ ಮಗಳು ಮಡಿಲ ತುಂಬ ಕಾಯಿ ಕಿತ್ತು ತಂದಳು. ಎಲ್ಲವೂ ಕೆಂಪು, ಒಂದೂ ಹಸಿರಿಲ್ಲ.

“ಮಾವ, ಇವಳೊಳಗೂ ಅದು ಇದೆಯೇ?”

“ಇದ್ದರೂ ಇದ್ದೀತು, ಇಲ್ಲದೆಯೂ ಇದ್ದೀತು, ಅಳಿಯಂದಿರೇ. ಇವಳಿಗೊಬ್ಬ ಮಗ ಹುಟ್ಟಿ ಈ ಹೊಲಕ್ಕೆ ಇಳಿಯಲಿ, ನೋಡೋಣ.”

ಬಣ್ಣಗಾರನು ಮಗುವಿನ ಮುಂದೆ ಮೊಣಕಾಲೂರಿ, ಅದರ ಕಣ್ಣುಗಳನ್ನೇ ಬಹಳ ಹೊತ್ತು ನೋಡಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, “ಆದರೆ ತಪ್ಪು ಯಾರದೆಂದು ತಾವು ಹೇಳಲಿಲ್ಲ” ಎಂದನು.

“ನಿನ್ನೊಳಗೆ ಕಾಣದಂತೆ ಕುಳಿತವರು ಎಷ್ಟು ಮಂದಿಯೆಂದು ಎಣಿಸಿ ಬಾ, ಆಮೇಲೆ ಹೇಳುತ್ತೇನೆ.”