ಹಪ್ಪಳದ ಮಾಳಿಗೆಯಲ್ಲಿ ಇಂಗ್ಲಿಷ್ ಪುಸ್ತಕ

“‘ಒಂದು ಪದದ ಅರ್ಥ ಬಿಟ್ಟು ಮುಂದೆ ಹೋದರೂ ಓದಿದ್ದೆಲ್ಲ ಸುಳ್ಳು’ ಎಂದು ನಮ್ಮ ತಂದೆ ನಾನು ಚಿಕ್ಕವಳಿದ್ದಾಗ ಹೇಳುತ್ತಿದ್ದರು. ಅದು ನಿಜವೇ, ಗುರುಗಳೇ?” ಎಂದು ವಾರಿಜಾ ಕೇಳಿದಳು.

ಅಂದು ಬೇಸಿಗೆ ರಜೆಗೆ ಮುಂಚಿನ ಕೊನೆಯ ತರಗತಿ. ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಹನ್ನೆರಡು ಮಂದಿಗೆ ಗುರುಗಳು ರಜೆಯ ಓದಿಗೆಂದು ಒಂದೊಂದು ಇಂಗ್ಲಿಷ್ ಕಾದಂಬರಿ ಕೊಟ್ಟಿದ್ದರು. ವಾರಿಜಾ ತನ್ನದನ್ನು ಹಿಂದಿರುಗಿಸಲು ಎದ್ದು ಬಂದಿದ್ದಳು. ಮೊದಲ ಪುಟದಲ್ಲೇ ಹದಿನೊಂದು ಪದ ಅವಳಿಗೆ ತಿಳಿದಿರಲಿಲ್ಲ.

ಗುರುಗಳು ಪುಸ್ತಕವನ್ನು ತೆಗೆದುಕೊಳ್ಳಲಿಲ್ಲ. ಹೀಗೆ ಹೇಳಿದರು:

ಒಬ್ಬ ಉಪಾಧ್ಯಾಯ ಅಕ್ಕತಂಗಿಯರಿಬ್ಬರಿಗೆ ಒಂದೇ ಇಂಗ್ಲಿಷ್ ಕತೆಯ ಎರಡು ಪ್ರತಿ ಕೊಟ್ಟ. ರಜೆ ಮುಗಿದಾಗ ಯಾರು ಚೆನ್ನಾಗಿ ಓದಿರುವರೋ ಅವರಿಗೆ ಶಾಲೆಯ ಪುಸ್ತಕದ ಕಪಾಟಿನ ಕೀಲಿಕೈ ಎಂದ. ಇಬ್ಬರಿಗೂ ಅದು ಬೇಕಿತ್ತು.

ಅಕ್ಕ ನಿಘಂಟು ತೆರೆದಳು. ತಿಳಿಯದ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದಳು. ತಂಗಿಗೆ ಅಷ್ಟು ಬಿಡುವಿರಲಿಲ್ಲ. ಅಜ್ಜಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಕಾಗೆ ಓಡಿಸುವುದು ತಂಗಿಯ ಕೆಲಸ. ಅವಳು ಅಲ್ಲೇ ಕುಳಿತು ಒಂದೊಂದು ಪುಟ ಓದಿ, ಇಂಗ್ಲಿಷ್ ಬಾರದ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳುವಳು.

ಒಂದು ದಿನ ತಂಗಿ ತಡವರಿಸಿದಳು. “ಬಿರುಗಾಳಿ ಎದ್ದಿದೆ, ಅಜ್ಜಿ. ನಾವಿಕರು ಕಬ್ಬಿಣದ್ದೇನನ್ನೋ ಸರಪಳಿಗೆ ಕಟ್ಟಿ ನೀರಿಗೆ ಬಿಟ್ಟರಂತೆ. ಏನೆಂದು ಗೊತ್ತಾಗುತ್ತಿಲ್ಲ.”

“ಲಂಗರು ಕಣೇ! ಹೈಸ್ಕೂಲು ಓದುತ್ತೀಯ, ಅಷ್ಟೂ ತಿಳಿಯದೇ? ಮುಂದೆ ಹೇಳು.”

“ಅಯ್ಯೋ, ಕಾಗೆ! ಅರ್ಧ ಹಪ್ಪಳ ಹೋಯಿತು!”

“ಹೋದರೆ ಹೋಗಲಿ, ನಾಳೆ ಮತ್ತೆ ಒತ್ತೋಣ. ಹಡಗು ದಡ ಸೇರಿತೋ ಇಲ್ಲವೋ, ಅದನ್ನು ಹೇಳು.”

ಶಾಲೆ ತೆರೆಯಿತು. ಅಕ್ಕ ಆರುನೂರು ಪದಗಳ ಅರ್ಥವನ್ನು ಒಂದೂ ತಪ್ಪದೆ ಒಪ್ಪಿಸಿದಳು. ಕತೆ ಹೇಗೆ ಮುಗಿಯಿತೆಂದು ಉಪಾಧ್ಯಾಯ ಕೇಳಿದ. “ನಾನಿನ್ನೂ ಮೂವತ್ತನೆಯ ಪುಟದಲ್ಲಿದ್ದೇನೆ” ಎಂದಳು.

ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡಳು. “ಮೇಷ್ಟ್ರೇ, ಆ ಪುಸ್ತಕ ಮುಗಿಯಿತು. ನಮ್ಮ ಚಿಕ್ಕವಳ ಕೈಲಿ ಇನ್ನೊಂದು ಕೊಟ್ಟು ಕಳಿಸಿ. ಸ್ವಲ್ಪ ದಪ್ಪದ್ದೇ ಇರಲಿ.”

ಉಪಾಧ್ಯಾಯ ನಕ್ಕ. ತಂಗಿಯನ್ನು ಏನೂ ಕೇಳದೆ ಕೀಲಿಕೈಯನ್ನು ಅವಳಿಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ವಾರಿಜಾ ಪುಸ್ತಕವನ್ನು ಎದೆಗವಚಿಕೊಂಡಳು. ಆಗ ಗುರುಗಳು ಹನ್ನೆರಡು ಮಂದಿಗೂ ಹೇಳಿದರು:

“ಈ ಬಾರಿ ರಜೆ ಮುಗಿದ ಮೇಲೆ ಯಾರೂ ಟಿಪ್ಪಣಿ ತರಬೇಕಾಗಿಲ್ಲ, ನಿಮ್ಮಿಂದ ಕತೆ ಕೇಳಿದವರೊಬ್ಬರನ್ನು ಕರೆತನ್ನಿ, ನಾನು ಅವರನ್ನೇ ಪರೀಕ್ಷಿಸುತ್ತೇನೆ.”