ಒಂದೇ ಬಣ್ಣದ ನಾಲ್ಕು ಗಂಡು ಮೀನು

ನೀವು ನಂಬುವುದಿಲ್ಲ, ನನಗೆ ಗೊತ್ತು. ಪೂರ್ತಿ ಕೇಳಿ, ಆಮೇಲೆ ಸುಳ್ಳು ಅನ್ನುವ ಧೈರ್ಯವಿದ್ದವರು ಎದುರಿಗೆ ಬಂದು ಅನ್ನಿ.

ಕೊಬ್ಬಿದ ಎರಡು ಹೋರಿಗಳನ್ನು ಒಂದೇ ಹಗ್ಗದಲ್ಲಿ ಹಿಡಿದು ನಿಲ್ಲಿಸಿದವನು ನಾನು, ಬರಮಪ್ಪ. ಅಂಥ ನನ್ನನ್ನು ಬೆರಳುದ್ದದ ಮೀನುಗಳು ನೀರು ಕುಡಿಸಿದವು.

ಹೊಳೆದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ನಿರುಪಾದಿ ಅಜ್ಜಾರು. ಅವರ ಶಿಷ್ಯನಾಗಲು ನಾನು ಊರು ಬಿಟ್ಟು ಬಂದಿದ್ದೆ.

ಸುಮ್ಮನೆ ಬಂದಿರಲಿಲ್ಲ. "ಹೋಳಿ ಹುಣ್ಣಿಮೆಯೊಳಗ ಅಜ್ಜಾರ ಬಾಯಾಗ ಶಿಷ್ಯ ಅನ್ನಿಸಿಕೊಳ್ಳದಿದ್ದರ ಮೀಸಿ ಬೋಳಿಸ್ತೀನಿ" ಎಂದು ಊರ ಕಟ್ಟೆಯ ಮೇಲೆ ನಿಂತು ಸಾರಿ ಬಂದಿದ್ದೆ.

ಅಜ್ಜಾರು ನನ್ನನ್ನು "ತಮ್ಮಾ" ಅನ್ನುತ್ತಿದ್ದರು. ಹಾಲು ಹಾಕಲು ಬರುವವನನ್ನೂ ಹಾಗೆಯೇ ಕರೆಯುತ್ತಿದ್ದರು.

ಮಠದಲ್ಲಿ ಇನ್ನೊಬ್ಬನಿದ್ದ, ಲಗಮಣ್ಣ. ನನ್ನದೇ ವಯಸ್ಸು, ನನ್ನದೇ ಮೈಕಟ್ಟು. ಮೀಸೆಯನ್ನೂ ನನ್ನ ಹಾಗೇ ಮೇಲಕ್ಕೆ ತಿರುವುತ್ತಿದ್ದ. ಅವನೂ ಹೋರಿ ಹಿಡಿದವನಂತೆ. ಮೂರಂತೆ! ಬರೀ ಸುಳ್ಳು.

ಬಂದ ಭಕ್ತರು ನಮ್ಮಿಬ್ಬರನ್ನು ನೋಡಿ, "ಅಣ್ತಮ್ಮರೇನ್ರಿ?" ಎಂದು ಕೇಳುತ್ತಿದ್ದರು. ನಾವಿಬ್ಬರೂ ಒಟ್ಟಿಗೇ, "ಏ, ಅಲ್ರಿ!" ಎಂದು ಒದರುತ್ತಿದ್ದೆವು.

ಸಂಜೆ ಅಜ್ಜಾರು ಮಾತಾಡಲು ಕೂಡುವ ಕಂಬಳಿಯ ಪಕ್ಕದಲ್ಲಿ ಒಂದು ಕಂಬ. ಅದರ ಬುಡ ನನ್ನ ಜಾಗ. ಲಗಮಣ್ಣ ಅದನ್ನು ತನ್ನ ಜಾಗ ಅನ್ನುತ್ತಿದ್ದ. ದಿನಾ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಬೀಳುತ್ತಿತ್ತು. ಅಜ್ಜಾರು ನೋಡಿಯೂ ನೋಡದ ಹಾಗೆ ಮಾತು ಶುರು ಮಾಡುತ್ತಿದ್ದರು.

ಹೋಳಿಗೆ ಹತ್ತು ದಿನವಿದ್ದಾಗ, ವರ್ಗವಾಗಿ ಹೊರಟ ಭಕ್ತರೊಬ್ಬರು ತಮ್ಮ ಮನೆಯ ಮೀನಿನ ತೊಟ್ಟಿಯನ್ನು ಮಠಕ್ಕೆ ಬಿಟ್ಟು ಹೋದರು. ನಾಲ್ಕಡಿ ಉದ್ದದ ಗಾಜು, ಒಂದಷ್ಟು ಕಲ್ಲು, ಗುಳುಗುಳು ಅನ್ನುವ ಫಿಲ್ಟರ್. ಮೀನು ಮಾತ್ರ ಇರಲಿಲ್ಲ.

"ಇದರೊಳಗ ಮೀನು ಯಾರು ತಂದು ಬಿಡ್ತೀರಿ?" ಅಂದರು ಅಜ್ಜಾರು.

"ನಾನು!" ಅಂದೆ. ಲಗಮಣ್ಣ ಬಾಯಿ ತೆರೆಯುವಷ್ಟರಲ್ಲಿ ಇನ್ನೊಮ್ಮೆ ಅಂದೆ.

"ಮೀನಿನ ವಿಚಾರ ಗೊತ್ತೈತೇನು?"

"ಅಜ್ಜಾರ, ಊರಾಗ ಎತ್ತಿನ ಜೋಡಿ ಕಟ್ಟಬೇಕಂದ್ರ ನನ್ನನ್ನ ಕರಕೊಂಡು ಹೋಗ್ತಾರ. ಮೀನು ಯಾವ ಲೆಕ್ಕ?"

"ಹಂಗಾದರ ಸರಿ. ಹೋಳಿ ಹುಣ್ಣಿಮೆ ದಿವಸ ಈ ತೊಟ್ಟಿಯೊಳಗ ಎಲ್ಲಾ ಮೀನು ಕೂಡಿ ಬಾಳಿರಬೇಕು. ಬಾಳಿದರ ನಿನ್ನನ್ನ ಶಿಷ್ಯ ಅಂತೀನಿ. ಇಲ್ಲಂದ್ರ ಊರಿಗೆ ಹೋಗು, ಎತ್ತು ಕಾದಿರ್ತಾವ."

ನಾನು ಮೀಸೆ ತಿರುವಿದೆ.

ಪೇಟೆಯಲ್ಲಿ ಮೀನು ಮಾರುವವನು ಮಕ್ತುಂಸಾಬ. ಅವನ ಅಂಗಡಿಯಲ್ಲಿ ಗೋಡೆ ತುಂಬಾ ಗಾಜು, ಗಾಜಿನ ತುಂಬಾ ಬಣ್ಣ.

"ನಿಮ್ಮಲ್ಲಿ ನೀರು ಎಂಥಾದು?" ಎಂದು ಕೇಳಿದ.

"ಬೋರಿಂದು. ಬ್ಯಾಳಿ ಬೇಯೂದಿಲ್ಲ, ಸಬಕಾರ ನೊರಿ ಬರೂದಿಲ್ಲ."

"ಅಂಥಾ ಗಡಸು ನೀರೇ ಬೇಕು ಇವಕ್ಕ." ಒಂದು ಗಾಜಿಗೆ ಬೆರಳಿಟ್ಟ. "ಸಿಕ್ಲಿಡ್ ಅಂತಾರ. ಆಫ್ರಿಕಾದ ದೊಡ್ಡ ಕೆರಿಯೊಳಗ ಬಂಡಿಗಲ್ಲಿನ ಸಂದ್ಯಾಗ ಇರೂವು. ಆದರ ಅಣ್ಣಾ, ಸಿಟ್ಟಿನ ಮೀನು. ಒಂದೇ ಬಣ್ಣದ ಗಂಡು ಎರಡು ಬಿಡಬ್ಯಾಡ. ಬ್ಯಾರೆ ಬ್ಯಾರೆ ಬಣ್ಣ, ಬ್ಯಾರೆ ಬ್ಯಾರೆ ಆಕಾರ ನೋಡಿ ಒಯ್ಯಿ."

ನನಗೆ ನಗು ಬಂತು. ಜೋಡಿ ಕಟ್ಟುವುದನ್ನು ನನಗೆ ಹೇಳಿಕೊಡುತ್ತಾನೆ! ಎತ್ತರ ಸಮ, ಬಣ್ಣ ಸಮ, ಬಾಲ ಸಮ. ಸಮ ಇದ್ದರೆ ತಾನೇ ಜೋಡಿ? ಒಂದು ಕೆಂದ, ಒಂದು ಕರಿಯ ಕಟ್ಟಿದರೆ ಸಂತೆಯಲ್ಲಿ ನಾಯಿಯೂ ತಿರುಗಿ ನೋಡುವುದಿಲ್ಲ.

"ಸಾಬಣ್ಣಾ, ಕೊಂಬಿಲ್ಲದ್ದಕ್ಕ ಅಂಜತೀ ಏನು?" ಎಂದು ಅರ್ಧ ತಾಸು ನಿಂತು ಆರಿಸಿದೆ. ನಾಲ್ಕು ನೀಲಿ ಗಂಡು. ಪಟ್ಟೆ ಪಟ್ಟೆಗೂ ಸಮ. ಬೆರಳಿಟ್ಟು ಅಳೆದೆ. ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ.

ತೊಟ್ಟಿಗೆ ಬಿಟ್ಟಾಗ ಮಠವೇ ಬಂದು ನೋಡಿತು. ಅಡುಗೆಯ ಶಂಕ್ರವ್ವ ಸಟ್ಟುಗ ಹಿಡಿದುಕೊಂಡೇ ಓಡಿ ಬಂದಳು. "ಅಯ್ಯ, ನೀಲಿ ಇಳಕಲ್ ಸೀರಿ ನೋಡಿದಂಗಾತು" ಅಂದಳು. ಲಗಮಣ್ಣ ಮುಖ ತಿರುವಿಕೊಂಡು ನಿಂತ. ಆ ದಿನ ನನಗೆ ಎರಡು ರೊಟ್ಟಿ ಹೆಚ್ಚಿಗೆ ಇಳಿಯಿತು.

ಮೂರನೆಯ ದಿನ ನೋಡುತ್ತೇನೆ, ಒಂದರ ಬಾಲ ಹರಿದ ಪರದೆಯಾಗಿದೆ. ಇನ್ನೊಂದು ಫಿಲ್ಟರಿನ ಹಿಂದೆ ತಲೆಕೆಳಗಾಗಿ ಅಡಗಿದೆ. ಮೂರನೆಯದು ನೀರಿನ ಮೇಲ್ಪದರಕ್ಕೆ ಅಂಟಿಕೊಂಡಿದೆ. ನಾಲ್ಕನೆಯದು ನಡುಗಲ್ಲಿನ ಗವಿಯಿಂದ ಬಾಣದ ಹಾಗೆ ಬಂದು ಮೂರಕ್ಕೂ ಗುದ್ದುತ್ತಿದೆ.

ನನ್ನ ಹೆಗಲ ಮೇಲಿನ ಟವೆಲನ್ನು ತೊಟ್ಟಿಗೆ ಹೊದಿಸಿದೆ.

ಅಜ್ಜಾರು ಬಂದರು. "ಇದೇನು ತಮ್ಮಾ?"

"ದೃಷ್ಟಿ ಆಗತೈತ್ರಿ, ಅಜ್ಜಾರ."

"ಮೀನಿಗೋ, ನಿನಗೋ?"

ಹಿಂದಿನಿಂದ ಲಗಮಣ್ಣ ಗೊಳ್ಳೆಂದು ನಕ್ಕ. ನಾನು ಟವೆಲ್ ತೆಗೆದೆ.

ಅಜ್ಜಾರು ಗಾಜಿನ ಹತ್ತಿರ ಬಗ್ಗಿದರು. ಹರಿದ ಬಾಲವನ್ನು ನೋಡಿದಾಗ ಅವರ ಮುಖ ಚಿಕ್ಕದಾಯಿತು.

"ಎಲ್ಲಾ ಸಮ ನೋಡಿ ತಂದೀನ್ರಿ," ಅಂದೆ. "ಯಾಕ ಹಿಂಗ ಮಾಡ್ತಾವು?"

"ನಿಮ್ಮ ಎತ್ತು ಎರಡೂ ಸೇರಿ ಒಂದು ಹೊಲ ಉಳತಾವ. ಇವು ನಾಲ್ಕೂ ಸೇರಿ ಏನು ಮಾಡಬೇಕಂತ ತಂದಿ?"

ಗುದ್ದಿಸಿಕೊಂಡ ಮೂರನ್ನೂ ಬಕೆಟ್ಟಿಗೆ ಹಾಕಿಕೊಂಡು ಪೇಟೆಗೆ ನಡೆದೆ.

ಮಕ್ತುಂಸಾಬನ ಮುಂದೆ ಹೋಗಿ ನಿಲ್ಲುವುದು ಹೋರಿ ಹಿಡಿಯುವುದಕ್ಕಿಂತ ಕಷ್ಟವಾಯಿತು. ಅವನು ಪೆಟ್ಟು ತಿಂದ ಮೂರನ್ನು ವಾಪಸು ತೆಗೆದುಕೊಂಡು ಬೇರೆ ಬೇರೆ ತೊಟ್ಟಿಯಲ್ಲಿ ಬಿಟ್ಟ. ಬದಲಿಗೆ ನಿಂಬೆಹಣ್ಣಿನ ಬಣ್ಣದವು ಐದು, ತುಕ್ಕಿನ ಬಣ್ಣದವು ಮೂರು ಕೊಟ್ಟ. "ಇವೂ ಅದೇ ಕೆರಿಯವು. ಅದೇ ನೀರು, ಅದೇ ಕಾಳು. ಸ್ವಭಾವ ಮಾತ್ರ ಸಮಾಧಾನದ್ದು" ಅಂದ.

ಗೆದ್ದೆ ಅಂದುಕೊಂಡೆ. ಎಲ್ಲಿಯದು! ಉಳಿದಿದ್ದ ಆ ನೀಲಿಯವನು ಇಡೀ ತೊಟ್ಟಿಯ ಗೌಡನಾಗಿಬಿಟ್ಟಿದ್ದ. ಹೊಸಬರನ್ನು ಒಂದು ಮೂಲೆಗೆ ಒತ್ತಿ, ಕಾಳು ತಿನ್ನಲೂ ಬಿಡಲಿಲ್ಲ.

ಹೋಳಿಗೆ ಎರಡೇ ದಿನ. ಊರ ಕಟ್ಟೆ, ಕಟ್ಟೆಯ ಮೇಲೆ ಕಾದು ಕೂತವರು, ಹಜಾಮರ ಕತ್ತಿ, ಎಲ್ಲ ಕಣ್ಣ ಮುಂದೆ ಬಂತು.

"ಅಜ್ಜಾರ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಈ ನೀಲಿಯಂವನ್ನೂ ತೆಗೆದುಬಿಡ್ಲೇನ್ರಿ? ಅಂವ ಕೆಟ್ಟಂವ."

"ಅಂವ ಹೋದರ ಆ ಗವಿಗೆ ಇನ್ನೊಬ್ಬ ಬರ್ತಾನ."

"ಮತ್ತ ಏನು ಮಾಡ್ಲಿ? ನನಗ ತಿಳೀವಲ್ದು."

ಹುಟ್ಟಿದ ಮೇಲೆ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. ಬೇಕಾದರೆ ನಮ್ಮವ್ವನನ್ನು ಕೇಳಿ.

ಅಜ್ಜಾರು ಅಂಗಿಯ ತೋಳು ಮೇಲಕ್ಕೆ ಮಡಚಿದರು. ತೊಟ್ಟಿಯೊಳಗೆ ಕೈ ಹಾಕಿ ನಡುಗಲ್ಲನ್ನೇ ಮೊದಲು ಎತ್ತಿದರು. ಆಮೇಲೆ ಉಳಿದವು. ಒಂದು ಕಲ್ಲೂ ಬಿಡಲಿಲ್ಲ.

ನೀರು ಕದಡಿತು. ಮೀನುಗಳೆಲ್ಲ ಒಂದು ಕಡೆ ಗುಂಪಾಗಿ ನಿಂತವು.

ಅಜ್ಜಾರು ಕಲ್ಲುಗಳನ್ನು ಮತ್ತೆ ಇಟ್ಟರು. ಎಡದ್ದು ಬಲಕ್ಕೆ, ಅಡ್ಡ ಇದ್ದದ್ದು ಉದ್ದಕ್ಕೆ. ಒಂದು ದೊಡ್ಡ ಗವಿ ಇದ್ದಲ್ಲಿ ಹತ್ತು ಸಣ್ಣ ಸಂದು ಆದವು.

ನೀಲಿಯವನು ತನ್ನ ಗವಿ ಹುಡುಕಿಕೊಂಡು ಹೋದ. ಇರಲಿಲ್ಲ. ತಿರುಗಿದ. ಅಲ್ಲಿಯೂ ಇಲ್ಲ. ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡ ಬೀಗರ ಹಾಗೆ ಎಲ್ಲ ಸಂದಿಗೂ ಇಣುಕಿ ಬಂದ. ಹೊಡೆಯುವುದೇ ಅವನಿಗೆ ಮರೆತುಹೋಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಲಗಮಣ್ಣನೂ ನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಟ್ಟನೆ ನಗು ನಿಲ್ಲಿಸಿದೆವು.

ಸಂಜೆಯ ಹೊತ್ತಿಗೆ ನೀಲಿಗೊಂದು ಸಂದು ಸಿಕ್ಕಿತ್ತು. ಅದರ ಪಕ್ಕದ ಸಂದಿನಲ್ಲಿ ಒಂದು ಹಳದಿ ಆರಾಮಾಗಿ ಕಿವಿರು ಆಡಿಸುತ್ತಿತ್ತು.

ಹೋಳಿ ಹುಣ್ಣಿಮೆ ಬಂತು. ಒಂದು ರೆಕ್ಕೆಯೂ ಹರಿದಿರಲಿಲ್ಲ. ಶಂಕ್ರವ್ವ ಕಾಳು ಹಾಕಿದರೆ ನೀಲಿ, ಹಳದಿ, ತುಕ್ಕು ಎಲ್ಲ ಒಟ್ಟಿಗೇ ಮೇಲೆ ಬಂದು ಬಾಯಿ ತೆರೆದವು.

ಆ ಸಂಜೆ ನಾನು ಸ್ನಾನ ಮಾಡಿ, ಮೀಸೆಗೆ ಎಣ್ಣೆ ಹಚ್ಚಿ, ನನ್ನ ಕಂಬದ ಕಡೆ ಹೋದೆ. ಲಗಮಣ್ಣ ಅಲ್ಲಿ ಕೂತಿದ್ದ.

"ಏಳಲೇ. ಇವತ್ತ ನನ್ನ ದಿವಸ ಐತಿ."

"ನಿನ್ನ ದಿವಸ ಇರಬಹುದು, ಕಂಬ ನಂದು."

ನಾನು ನೂಕಿದೆ. ಅವನು ನೂಕಿದ. ಶಂಕ್ರವ್ವ ತಂದಿಟ್ಟಿದ್ದ ಮಜ್ಜಿಗೆ ಗಡಿಗೆ ಉರುಳಿ ನಮ್ಮಿಬ್ಬರ ಧೋತರಗಳೂ ತೊಯ್ದವು.

"ಎರಡೂ ಹೋರಿಗೆ ಮೂಗುದಾರ ಹಾಕಸ್ರಿ, ಅಜ್ಜಾರ!" ಎಂದು ಶಂಕ್ರವ್ವ ಕೂಗಿದಳು.

ಅಜ್ಜಾರು ಎದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ತಾವು ಕೂತಿದ್ದ ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಮಾತು ಕೇಳಲು ಬಂದು ಕೂತಿದ್ದ ಭಕ್ತರನ್ನೆಲ್ಲ ದಾಟಿ ನಡೆದು, ಬಾಗಿಲ ಬಳಿ ಎಲ್ಲರೂ ಚಪ್ಪಲಿ ಬಿಡುವಲ್ಲಿ ಹಾಸಿ ಕೂತರು.

ಎಲ್ಲರೂ ಎದ್ದು ನಿಂತರು. ಮುಂದೆ ಕೂತವರು ಹಿಂದಾಗಿದ್ದರು, ಹಿಂದಿನವರು ಮುಂದೆ. ಯಾವ ಕಡೆ ತಿರುಗಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ. ಅದು ಬರೀ ಕಲ್ಲಾಗಿತ್ತು.

ನಕ್ಕವನು ಮೊದಲು ನಾನೇ. ಬರೆದಿಟ್ಟುಕೊಳ್ಳಿ, ಲಗಮಣ್ಣನಿಗಿಂತ ಮೊದಲು ನಾನೇ. ಮಜ್ಜಿಗೆಯಲ್ಲಿ ತೊಯ್ದ ಧೋತರದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅವನು, ಶಂಕ್ರವ್ವ, ಕೊನೆಗೆ ಇಡೀ ಮಠ.

ನಗು ಇಳಿದ ಮೇಲೆ ಬಾಗಿಲ ಬಳಿ ಹೋಗಿ ಅಜ್ಜಾರ ಮುಂದೆ ನಿಂತೆ. ಅವರು ಪಕ್ಕದಲ್ಲಿದ್ದ ಹಳೆಯ ಈಚಲು ಚಾಪೆಯನ್ನು ಬಿಚ್ಚಿ ಕೈಯಿಂದ ತಟ್ಟಿದರು. ನಾನು ಅದರ ನಟ್ಟನಡುವೆ ಕೂತೆ.

ನನಗೆ ಕೊನೆಗೂ ಸಿಕ್ಕಿದ್ದು ಅರ್ಧ ಚಾಪೆ, ಮತ್ತು ಅಜ್ಜಾರ ಈ ಒಂದು ಮಾತು:

"ಸ್ವಲ್ಪ ಸರಕೋ, ಶಿಷ್ಯಾ. ಲಗಮಣ್ಣನೂ ಕೂಡಬೇಕಲ್ಲ."